ತಂಬಿಗೆಯ ದನಿ ಕೇಳಿ ಕೊಳ್ಳುವವರು

ಮಾನ್ಯ ಸಂಪಾದಕರಿಗೆ ವಂದನೆಗಳು.

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಗೆ ಹೊಸ ಕೈಗಾರಿಕೆಗಳು ಬರಬೇಕೆಂದು ಕೋರುವ ಪತ್ರಗಳನ್ನು ಈ ಅಂಕಣದಲ್ಲಿ ಹಲವು ವರ್ಷಗಳಿಂದ ಓದುತ್ತ ಬಂದಿದ್ದೇನೆ. ಅವುಗಳಲ್ಲಿ ಭೂಮಿ, ನೀರು, ವಿದ್ಯುತ್ತು, ತೆರಿಗೆ ರಿಯಾಯಿತಿ, ಸ್ಥಳೀಯರಿಗೆ ಉದ್ಯೋಗ ಇವೆಲ್ಲದರ ಪ್ರಸ್ತಾಪವಿರುತ್ತದೆ. ಆದರೆ ಆ ಕಾರ್ಖಾನೆಗಳಿಂದ ಹೊರಬರುವ ವಸ್ತುವನ್ನು ಕೊಳ್ಳುವವರು ಎಂಥವರು, ಅದನ್ನು ಕೈಗೆತ್ತಿಕೊಂಡಾಗ ಅವರ ಮನಸ್ಸಿಗೆ ಏನನ್ನಿಸಬೇಕು ಎಂಬ ಪ್ರಶ್ನೆಯನ್ನು ಯಾರೂ ಎತ್ತಿದ್ದು ನನಗೆ ನೆನಪಿಲ್ಲ. ರಾಯಚೂರಿನಲ್ಲಿ 31 ವರ್ಷ ಪಾತ್ರೆ ಅಂಗಡಿ ನಡೆಸಿ, ಈಗ ಗಲ್ಲೆಯನ್ನು ಮಗನಿಗೆ ಬಿಟ್ಟುಕೊಟ್ಟು ಪಕ್ಕದ ಸ್ಟೂಲಿನ ಮೇಲೆ ಕುಳಿತಿರುವ ನನಗೆ, ಉಳಿದೆಲ್ಲ ಪ್ರಶ್ನೆಗಳಿಗಿಂತ ಇದೇ ಮೊದಲು ಬರಬೇಕಾದದ್ದು ಎನ್ನಿಸಿದ್ದರಿಂದ ಈ ದೀರ್ಘ ಪತ್ರ ಬರೆಯುತ್ತಿದ್ದೇನೆ.

ಪಾತ್ರೆ ಕೊಳ್ಳಲು ಬಂದವರು ಮೊದಲು ಬೆಲೆ ಕೇಳುತ್ತಾರೆಂದು ಹೊರಗಿನವರು ತಿಳಿದಿರಬಹುದು. ಹಾಗಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳು ತಂಬಿಗೆಯನ್ನು ಮೊದಲು ಅಂಗೈಯಲ್ಲಿ ಇಟ್ಟು ತೂಗಿ ನೋಡುತ್ತಾರೆ, ಆಮೇಲೆ ಬೆರಳ ಗಂಟಿನಿಂದ ಅದರ ಹೊಟ್ಟೆಗೆ ಬಡಿದು ದನಿ ಕೇಳುತ್ತಾರೆ, ಕಂಠದ ಮೇಲೆ ಬೆರಳಾಡಿಸಿ ಅಂಚು ಚುಚ್ಚುತ್ತದೆಯೇ ಎಂದು ಪರೀಕ್ಷಿಸುತ್ತಾರೆ, ಕೊನೆಗೆ ನೀರು ಬಗ್ಗಿಸುವಂತೆ ಮಣಿಕಟ್ಟನ್ನು ಓರೆ ಮಾಡಿ ನೋಡುತ್ತಾರೆ. ಇಷ್ಟೂ ಆದ ನಂತರವೇ ‘ಎಷ್ಟಕ್ಕ ಕೊಡ್ತೀರಿ ಸಾವ್ಕಾರ್ರೇ’ ಎಂಬ ಮಾತು. ಹಲವು ವರ್ಷಗಳ ಹಿಂದೆ ದೇವದುರ್ಗದ ಕಡೆಯ ತಾಯಿಯೊಬ್ಬರು ಮಗಳ ಮದುವೆಗೆಂದು ಬಂದು, ನಾನು ಮುಂದಿಟ್ಟ ಥಳಥಳಿಸುವ ಐದಾರು ಕೊಡಗಳನ್ನು ಒಂದೊಂದಾಗಿ ಬಡಿದು ಕೆಳಗಿಟ್ಟರು. ಮೂಲೆಯಲ್ಲಿದ್ದ, ಸ್ವಲ್ಪ ಮಸುಕಾದ, ಯಾರೂ ಕೇಳದೆ ಉಳಿದಿದ್ದ ಹಿತ್ತಾಳೆಯ ಕೊಡವೊಂದನ್ನು ಬಡಿದು ನೋಡಿ, ‘ಇದs ಇರ್ಲಿ, ನಮ್ಮವ್ವನ ಮನ್ಯಾಗಿನ ಕೊಡ ಹಿಂಗs ಮಾತಾಡ್ತಿತ್ತು’ ಎಂದರು. ಆ ದಿನ ಕೊಡದ ಬೆಲೆಯಲ್ಲಿ ಚೌಕಾಶಿ ನಡೆಯಲೇ ಇಲ್ಲ. ವ್ಯಾಪಾರಿಯಾಗಿ ನನಗೆ ಖುಷಿಯಾದದ್ದು ನಿಜ. ಆದರೆ ಆ ಮಾತನ್ನು ಕೊಡ ತಯಾರಿಸಿದವರಿಗೆ ತಲುಪಿಸುವ ದಾರಿ ಯಾವುದೂ ನನ್ನ ಬಳಿ ಇರಲಿಲ್ಲ ಎಂಬುದು ಇಂದಿಗೂ ಮನಸ್ಸಿನಲ್ಲಿದೆ.

ವಿಚಿತ್ರವೆಂದರೆ, ಇದೇ ತಂಬಿಗೆಯ ಬಗ್ಗೆ ಇಂಥವೇ ಪ್ರಶ್ನೆಗಳನ್ನು 1958ರಲ್ಲಿ ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ಎತ್ತಿದ್ದರು. ಭಾರತ ಸರ್ಕಾರದ ಆಹ್ವಾನದ ಮೇಲೆ ಬಂದು ದೇಶವೆಲ್ಲ ಸುತ್ತಿದ ಅವರು, ಸರ್ಕಾರಕ್ಕೆ ಸಲ್ಲಿಸಿದ ವರದಿಯಲ್ಲಿ ತಾವು ಇಲ್ಲಿ ಕಂಡ ವಸ್ತುಗಳಲ್ಲೆಲ್ಲ ಅತ್ಯಂತ ಸುಂದರವಾದದ್ದು ಬಹುಶಃ ಲೋಟಾ, ಅಂದರೆ ನಮ್ಮ ತಂಬಿಗೆ, ಎಂದು ಬರೆದರು. ಅದು ಎಷ್ಟು ನೀರು ಹಿಡಿಯಬೇಕು, ಎತ್ತುವ ಕೈ ಎಷ್ಟು ದೊಡ್ಡದು, ತಲೆಯ ಮೇಲೋ ಸೊಂಟದ ಮೇಲೋ ಹೊತ್ತಾಗ ಭಾರ ಎಲ್ಲಿ ನಿಲ್ಲುತ್ತದೆ, ಒಳಗೆ ಕೈಹಾಕಿ ತೊಳೆಯಲು ಬರುತ್ತದೆಯೇ ಎಂದು ಕೇಳಿದ ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿ ಮುಟ್ಟಿದರೆ ಹಿತವೆನ್ನಿಸುತ್ತದೆಯೇ, ಇನ್ನೊಂದು ಪಾತ್ರೆಗೆ ತಾಗಿದಾಗ, ಕಲ್ಲಿನ ಮೇಲೆ ಇಟ್ಟಾಗ ಅದರ ಸದ್ದು ಹೇಗಿರುತ್ತದೆ, ಅದನ್ನು ಹೊಂದುವುದು, ಮಾರುವುದು, ಇನ್ನೊಬ್ಬರಿಗೆ ಕೊಡುವುದು ಮನಸ್ಸಿಗೆ ಹೇಗನ್ನಿಸುತ್ತದೆ ಎಂದೂ ಕೇಳಿದರು. ಯಾವ ಒಬ್ಬ ವ್ಯಕ್ತಿಯೂ ತಂಬಿಗೆಯನ್ನು ವಿನ್ಯಾಸಗೊಳಿಸಿಲ್ಲ, ಅನೇಕ ತಲೆಮಾರುಗಳ ಅನೇಕ ಜನರು ಸೇರಿ ಅದನ್ನು ರೂಪಿಸಿದ್ದಾರೆ ಎಂಬುದು ಅವರ ಅಭಿಪ್ರಾಯವಾಗಿತ್ತು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಆರಂಭವಾಯಿತು. ಆದರೆ ತಂಬಿಗೆಯನ್ನು ಬಡಿದು ಕೊಳ್ಳುವ ಊರುಗಳಿಗೂ ಆ ಬಗೆಯ ವಿದ್ಯೆಗೂ ನಡುವಿನ ದಾರಿ ಇನ್ನೂ ಕಚ್ಚಾ ರಸ್ತೆಯೇ ಆಗಿದೆ.

ನಮ್ಮ ವ್ಯಾಪಾರದಲ್ಲಿ ಇನ್ನೊಂದು ಪದ್ಧತಿಯಿದೆ. ಆಯೇರಿಗೆ ಕೊಡುವ ಪಾತ್ರೆಯ ಮೇಲೆ ಹೆಸರು ಹಾಕಿಸುವುದು. ಕೊಟ್ಟವರ ಹೆಸರು, ಊರು, ಮದುವೆಯ ತಾರೀಖು. ಸಣ್ಣ ಯಂತ್ರದ ಮುಳ್ಳು ಸ್ಟೀಲಿನ ಮೇಲೆ ಕಿರ್ರೆಂದು ಓಡುವಾಗ ಗಿರಾಕಿಗಳು ಬಾಗಿ ನಿಂತು ಒಂದೊಂದು ಅಕ್ಷರವನ್ನೂ ಕಾಯುತ್ತಾರೆ. ಬಳಕೆಯ ದೃಷ್ಟಿಯಿಂದ ಆ ಅಕ್ಷರಗಳಿಂದ ಯಾವ ಪ್ರಯೋಜನವೂ ಇಲ್ಲ. ಅನ್ನ ಬೇಗ ಬೇಯುವುದಿಲ್ಲ, ಸಾರು ಹೆಚ್ಚು ಹಿಡಿಯುವುದಿಲ್ಲ. ಆದರೂ ನಲವತ್ತು ವರ್ಷಗಳ ನಂತರ ಯಾರದೋ ಅಡುಗೆಮನೆಯಲ್ಲಿ ಒಂದು ಗಂಗಾಳವನ್ನು ತಿರುವಿ ನೋಡಿದಾಗ ತೀರಿಹೋದ ಸೋದರಮಾವನ ಹೆಸರು ಅಲ್ಲಿರುತ್ತದೆ. ಇಷ್ಟಾದರೂ ಪಾತ್ರೆ ತಯಾರಿಸುವ ಯಾವ ಕಾರ್ಖಾನೆಯೂ ಹೆಸರಿಗೆಂದು ಒಂದು ಜಾಗವನ್ನು ಬಿಟ್ಟು ಗಂಗಾಳ ಮಾಡಿದ್ದನ್ನು ನಾನು ಕಂಡಿಲ್ಲ. ಕಂಪನಿಯ ಮುದ್ರೆ ಮಾತ್ರ ಎಲ್ಲಿ ಹೆಸರು ಚೆನ್ನಾಗಿ ಕೂಡುತ್ತದೋ ಅಲ್ಲೇ ಒತ್ತಿರುತ್ತದೆ.

ನಮ್ಮ ಭಾಗದ ಕೌದಿಯನ್ನೂ ಇಲ್ಲಿ ನೆನೆಯಬೇಕು. ಹಳೆಯ ಸೀರೆಗಳ ತುಂಡುಗಳನ್ನು ಜೋಡಿಸಿ ಕೈಹೊಲಿಗೆ ಹಾಕಿದ ಆ ಹೊದಿಕೆಗಿಂತ ಬೆಚ್ಚನೆಯ, ಹಗುರವಾದ ಹೊದಿಕೆಗಳು ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತವೆ. ಆದರೆ ಅಜ್ಜಿಯ ಸೀರೆಯ ಸೆರಗು ಅವುಗಳಲ್ಲಿ ಇರುವುದಿಲ್ಲ. ಹಾಗೆಯೇ ಎಲೆ ಅಡಿಕೆಯ ಸಂಚಿ: ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಎಲ್ಲಕ್ಕೂ ಒಳಗೆ ದುಡ್ಡಿಗೊಂದು ಪದರ. ಮುದುಕಿಯರು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸಂತೆಗೆ ಹೋಗುವಾಗ ಅವರ ನಡಿಗೆಯಲ್ಲಿಯೇ ಒಂದು ಭರವಸೆ ಇರುತ್ತಿತ್ತು.

ಈಗ ನನ್ನ ಮನೆಯದೇ ಒಂದು ಪ್ರಸಂಗವನ್ನು ಹೇಳುವೆ. ಎರಡು ವರ್ಷಗಳ ಹಿಂದೆ ಮಗ ಹೆಸರಾಂತ ಕಂಪನಿಯೊಂದರ ವಿದ್ಯುತ್ ಒಲೆಯನ್ನು ತಂದ. ಅದರ ಮೇಲೆ ಗುಂಡಿಗಳಿಲ್ಲ; ನುಣುಪಾದ ಕಪ್ಪು ಗಾಜು, ಅದರೊಳಗೆ ಇಂಗ್ಲಿಷ್ ಅಕ್ಷರಗಳು. ಬೆರಳು ಒದ್ದೆಯಿದ್ದರೆ ಅದು ಕೇಳುವುದಿಲ್ಲ, ಜೋಳದ ಹಿಟ್ಟು ಹತ್ತಿದ್ದರೂ ಕೇಳುವುದಿಲ್ಲ. ತಪ್ಪಾಗಿ ಒತ್ತಿದರೆ ಚುಚ್ಚುವಂಥ ದನಿಯಲ್ಲಿ ಕೂಗುತ್ತದೆ. ಅರವತ್ತು ವರ್ಷ ಒಲೆಯ ಮುಂದೆ ಕುಳಿತು, ಬೆಂಕಿಯ ಬಣ್ಣ ನೋಡಿಯೇ ರೊಟ್ಟಿ ಬೇಯಿಸಿದ ನನ್ನ ತಾಯಿ, ಅದರ ಕೂಗಿಗೆ ಬೆಚ್ಚಿ ಕೈ ಹಿಂದೆಗೆದುಕೊಂಡು, ‘ಇದು ನನ್ನ ಬಯ್ತೈತೆಪ್ಪಾ’ ಎಂದರು. ಒಲೆ ಕೆಟ್ಟಿರಲಿಲ್ಲ, ನೀರು ಬೇಗನೆ ಕಾಯುತ್ತಿತ್ತು, ವಿದ್ಯುತ್ ಬಿಲ್ಲೂ ಹೆಚ್ಚಾಗಲಿಲ್ಲ. ಆದರೆ ತನ್ನದೇ ಅಡುಗೆಮನೆಯಲ್ಲಿ ಒಬ್ಬ ಹಿರಿಯಳು ದಡ್ಡಿಯೆನ್ನಿಸಿಕೊಂಡಂತಾಯಿತು. ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿ ಈ ಮಾತನ್ನು ಹೇಳಿದಾಗ, ಆ ಕಡೆಯವರು ‘ಯಾವ ಭಾಗ ಕೆಲಸ ಮಾಡುತ್ತಿಲ್ಲ’ ಎಂದು ಮೂರು ಸಲ ಕೇಳಿದರು. ಯಾವ ಭಾಗವೆಂದು ಹೇಳಲಿ? ಅವರ ಪಟ್ಟಿಯಲ್ಲಿ ಅವಮಾನಕ್ಕೆ ಸಂಖ್ಯೆ ಇರಲಿಲ್ಲ.

ಜಪಾನಿನ ನೊರಿಯಾಕಿ ಕಾನೊ ಎಂಬ ವಿದ್ವಾಂಸರು 1984ರಲ್ಲಿ ಹೇಳಿದ ಮಾತು ಇಲ್ಲಿ ಹೊಂದುತ್ತದೆ. ವಸ್ತುವಿನ ಕೆಲವು ಗುಣಗಳು ಇರಲೇಬೇಕಾದವು. ಇದ್ದರೆ ಯಾರೂ ಹೊಗಳುವುದಿಲ್ಲ, ಇಲ್ಲದಿದ್ದರೆ ಸಿಟ್ಟಾಗುತ್ತಾರೆ. ಕೆಲವು ಗುಣಗಳು ಹೆಚ್ಚಿದಷ್ಟೂ ತೃಪ್ತಿ ಹೆಚ್ಚುತ್ತದೆ. ಇನ್ನು ಕೆಲವನ್ನು ಗ್ರಾಹಕರು ಬಾಯಿಬಿಟ್ಟು ಕೇಳುವುದೇ ಇಲ್ಲ, ಆದರೆ ಸಿಕ್ಕಾಗ ಮನಸೋಲುತ್ತಾರೆ. ಕುಕ್ಕರಿನ ಹಿಡಿ ಮುರಿಯಬಾರದು ಎಂಬುದು ಮೊದಲನೆಯ ಬಗೆ. ನನ್ನ ಅಂಗಡಿಗೆ ಬಂದು ‘ಹಿಡಿ ಮುರಿಯಲಿಲ್ಲ, ಧನ್ಯವಾದ’ ಎಂದವರು ಇಂದಿನವರೆಗೆ ಒಬ್ಬರೂ ಇಲ್ಲ. ಕೊಡದ ದನಿಯಲ್ಲಿ ತಾಯಿಮನೆ ಕೇಳಿಸುವುದು ಮೂರನೆಯ ಬಗೆ. ನಮ್ಮ ತಯಾರಕರು ಮೊದಲನೆಯದನ್ನು ಸರಿಪಡಿಸಿಕೊಂಡರೆ ಕೆಲಸ ಮುಗಿಯಿತೆಂದು ತಿಳಿದಿದ್ದಾರೆ.

ಈ ಉದಾಸೀನಕ್ಕೆ ದೊಡ್ಡವರೂ ಬೆಲೆ ತೆತ್ತಿದ್ದಾರೆ. ಸ್ಕೂಟರಿನ ಮೇಲೆ ಗಂಡ, ಹೆಂಡತಿ, ಮಕ್ಕಳು ಮಳೆಯಲ್ಲಿ ಒದ್ದಾಡುವುದನ್ನು ಕಂಡು ರತನ್ ಟಾಟಾ ಅವರ ಮನಸ್ಸಿನಲ್ಲಿ ಹುಟ್ಟಿದ ನ್ಯಾನೊ ಕಾರು 2008ರಲ್ಲಿ ಜಗತ್ತಿನ ಕಣ್ಣಿಗೆ ಬಿತ್ತು, 2009ರಲ್ಲಿ ಮಾರುಕಟ್ಟೆಗೆ ಬಂತು. ಒಂದು ಲಕ್ಷ ರೂಪಾಯಿಯ ಕಾರೆಂದು ಊರೆಲ್ಲ ಮಾತಾಯಿತು. 2018ರಲ್ಲಿ ಅದರ ತಯಾರಿಕೆ ನಿಂತಿತು. ಕಾರ್ಖಾನೆ ಬಂಗಾಳದಿಂದ ಗುಜರಾತಿಗೆ ಸ್ಥಳಾಂತರವಾದದ್ದೂ ಸೇರಿದಂತೆ ಕಾರಣಗಳು ಹಲವು. ಆದರೆ ಅತಿ ಅಗ್ಗದ ಕಾರೆಂಬ ಹಣೆಪಟ್ಟಿ ಅದಕ್ಕೆ ಅಂಟಿದ್ದು ದುರದೃಷ್ಟಕರವೆಂದು ಮುಂದೆ ಟಾಟಾ ಅವರೇ ಹೇಳಿದರು. ನಮ್ಮ ಓಣಿಯಲ್ಲಿಯೂ ಇದನ್ನು ಕಣ್ಣಾರೆ ನೋಡಿದ್ದೇವೆ. ಸ್ಕೂಟರಿನಿಂದ ಕಾರಿಗೆ ಏರುವವನು ನೆರಳನ್ನೂ ಸುರಕ್ಷತೆಯನ್ನೂ ಬಯಸುವುದರ ಜೊತೆಗೆ, ಬೀಗರ ಮನೆಯ ಮುಂದೆ ಇಳಿಯುವಾಗಿನ ಗೌರವವನ್ನೂ ಬಯಸುತ್ತಾನೆ. ಬಡವರಿಗೆಂದು ಮಾಡಿದ ವಸ್ತುವಿನ ಮೇಲೆ ‘ಬಡವರಿಗೆ’ ಎಂದು ಬರೆದರೆ ಬಡವರು ಅದನ್ನು ಕೊಳ್ಳುವುದಿಲ್ಲ. ಪಾತ್ರೆ ವ್ಯಾಪಾರದಲ್ಲಿ ಇದು ಹಳೆಯ ಪಾಠ: ಕಡಿಮೆ ಬೆಲೆಯ ಸಾಮಾನನ್ನು ಪ್ರತ್ಯೇಕ ಮೂಲೆಯಲ್ಲಿ ಇಡಬಾರದು, ಎಲ್ಲದರ ಜೊತೆಗೇ ಇಡಬೇಕು.

ಮನಸ್ಸನ್ನು ಅರಿತು ಮಾಡಿದ ವಸ್ತು ಹೇಗಿರುತ್ತದೆಂಬುದಕ್ಕೆ ಜೈಪುರದ ಕೃತಕ ಪಾದವನ್ನು ನೋಡಬಹುದು. 1960ರ ದಶಕದ ಕೊನೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆ ವೈದ್ಯ ಡಾ. ಪಿ.ಕೆ. ಸೇಥಿ ಸೇರಿ ಅದನ್ನು ರೂಪಿಸಿದರು. ವಿದೇಶಿ ಮಾದರಿಯ ಪಾದಗಳು ಬೂಟು ಹಾಕಿಕೊಂಡು, ಕುರ್ಚಿಯ ಮೇಲೆ ಕೂರುವವರಿಗೆ ಸರಿಯಾಗಿದ್ದವು. ನಮ್ಮವರು ದೇವಸ್ಥಾನಕ್ಕೆ ಬರಿಗಾಲಲ್ಲಿ ಹೋಗಬೇಕು, ಕೆಸರಿನ ಹೊಲದಲ್ಲಿ ನಡೆಯಬೇಕು, ಕುಕ್ಕರಗಾಲಲ್ಲಿ ಕೂರಬೇಕು. ರಬ್ಬರಿನ ಆ ಪಾದ ಪಾದದಂತೆಯೇ ಕಾಣುತ್ತಿತ್ತು, ಬೂಟಿನ ಹಂಗಿಲ್ಲದೆ ನಡೆಯಲು ಬಿಡುತ್ತಿತ್ತು. ಪಂಕ್ತಿಯಲ್ಲಿ ಎಲ್ಲರ ಜೊತೆ ನೆಲದ ಮೇಲೆ ಕೂತು ಉಣ್ಣುವುದು ಎಂಥ ಅಗತ್ಯವೆಂದು ಯಾವ ಅಳತೆ ಪಟ್ಟಿಯೂ ಹೇಳುವುದಿಲ್ಲ. ಅದನ್ನು ಅರಿತವರ ಕೈಯಿಂದ ಆ ಪಾದ ಬಂತು. 1981ರಲ್ಲಿ ಸೇಥಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯೂ ದೊರೆಯಿತು.

ಇನ್ನು ನಮ್ಮ ನೆಲಕ್ಕೆ ಬರುತ್ತೇನೆ. ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಸುಮಾರು 400 ಎಕರೆಯಲ್ಲಿ ಆಟಿಕೆ ತಯಾರಿಕೆಯ ಕ್ಲಸ್ಟರಿಗೆ 2021ರಲ್ಲಿ ಅಡಿಗಲ್ಲು ಹಾಕಲಾಯಿತು. ಅದೇ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ತಲೆಮಾರುಗಳಿಂದ ಬೊಂಬೆ ಮಾಡುತ್ತ ಬಂದಿವೆ. ಹಗುರವಾದ ಮರದ ಮೇಲೆ, ನೆನೆಸಿ ಒಣಗಿಸಿ ಪುಡಿ ಮಾಡಿದ ಸೆಣಬು, ಕಟ್ಟಿಗೆಯ ಹೊಟ್ಟು, ಹುಣಸೆ ಬೀಜದ ಅಂಟು ಇವುಗಳಿಂದ ತಯಾರಾಗುವ ‘ಕಿಟ್ಟ’ವನ್ನು ಮೆತ್ತಿ, ತೀಡಿ, ಮೇಲೆ ಕಡುಬಣ್ಣಗಳನ್ನು ಹಚ್ಚಿದಾಗ ಕಾಮಧೇನು, ಗರುಡ, ಆನೆ, ಗೌರಿಯರು ಹುಟ್ಟುತ್ತಾರೆ. ಈ ಬೊಂಬೆಗಳಿಗೆ ಭೌಗೋಳಿಕ ಸೂಚಕದ, ಅಂದರೆ ಇವು ಈ ಊರಿನವೇ ಎಂದು ಗುರುತಿಸುವ ಜಿಐ ಟ್ಯಾಗಿನ, ಮಾನ್ಯತೆಯೂ ಇದೆ. ಒಂದೆಡೆ ಅಚ್ಚಿನಲ್ಲಿ ಸಾವಿರಗಟ್ಟಲೆ ಆಟಿಕೆ ಸುರಿಸಬಲ್ಲ ಯಂತ್ರಗಳು, ಇನ್ನೊಂದೆಡೆ ಬೊಂಬೆಗೆ ಕಣ್ಣು ಬರೆಯುವುದು ಹೇಗೆಂದು ಬಲ್ಲ ಕೈಗಳು. ಎರಡೂ ಒಂದೇ ಜಿಲ್ಲೆಯಲ್ಲಿವೆ. ಕಿನ್ನಾಳದ ಬೊಂಬೆಯನ್ನು ನೋಡಿದವರಿಗೆ ತಿಳಿದಿರುತ್ತದೆ, ಕಣ್ಣು ಬರೆಯುವವರೆಗೆ ಅದು ಬಣ್ಣದ ಕಟ್ಟಿಗೆ. ಕಣ್ಣು ಬಿದ್ದ ಮೇಲೆ ಮನೆಯ ಮಂದಿಯಲ್ಲಿ ಒಬ್ಬರು.

ಆಟಿಕೆಗಳ ಗುಣಮಟ್ಟದ ಬಗ್ಗೆ ಕೇಂದ್ರ ಸರ್ಕಾರದ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದ್ದು, ಐಎಸ್‌ಐ ಗುರುತು ಕಡ್ಡಾಯವಾಗಿದೆ. ನೋಂದಾಯಿತ ಕುಶಲಕರ್ಮಿಗಳ ಉತ್ಪನ್ನಗಳಿಗೂ ಭೌಗೋಳಿಕ ಸೂಚಕ ಪಡೆದವುಗಳಿಗೂ ಅದರಿಂದ ವಿನಾಯಿತಿಯಿದೆ. ಚೂಪಾದ ಅಂಚು, ವಿಷದ ಬಣ್ಣ ಇರಬಾರದೆಂಬ ನಿಯಮ ತೀರ ಅಗತ್ಯ. ಆದರೆ ಮಗು ರಾತ್ರಿ ಯಾವ ಆಟಿಕೆಯನ್ನು ತಬ್ಬಿ ಮಲಗುತ್ತದೆ, ಕಾಲು ಮುರಿದ ಮೇಲೂ ಯಾವುದನ್ನು ಎಸೆಯಗೊಡುವುದಿಲ್ಲ ಎಂಬುದನ್ನು ಯಾವ ಪ್ರಯೋಗಾಲಯವೂ ಪರೀಕ್ಷಿಸಲಾರದು. ಅದಕ್ಕೆ ನಮ್ಮ ಅಂಗನವಾಡಿಗಳಿಗೆ ಹೋಗಿ ಕುಳಿತುಕೊಳ್ಳಬೇಕು. ಬೇರೆ ದೇಶದ ಮಕ್ಕಳಿಗೆ ಹೊಳೆದ ಗೊಂಬೆಗಳನ್ನು ಇಲ್ಲಿ ಅಚ್ಚು ಹಾಕಿ ಕಳಿಸುವುದು ಉದ್ಯೋಗ ಕೊಡುತ್ತದೆ, ಅದನ್ನು ನಾನು ಹಳಿಯುವುದಿಲ್ಲ. ಆದರೆ ಎತ್ತು, ಬಂಡಿ, ಜಾತ್ರೆಯ ತೇರು, ಕೊಂಬಿಗೆ ಬಣ್ಣ ಹಚ್ಚಿದ ಟಗರು ಇವುಗಳನ್ನು ನೋಡಿ ಬೆಳೆಯುವ ಕುಷ್ಟಗಿಯ ಮಗುವಿಗೂ ಒಂದು ಆಟಿಕೆ ಅಲ್ಲಿಂದ ಬರಲಿ.

ಬಳ್ಳಾರಿಯ ಜೀನ್ಸ್ ಬಗ್ಗೆ ಹೆಚ್ಚು ಹೇಳಲು ನಾನು ಅರ್ಹನಲ್ಲ. ಬಟ್ಟೆ ನನ್ನ ಕ್ಷೇತ್ರವಲ್ಲ. ನೂರಾರು ಸಣ್ಣ ಘಟಕಗಳು ಅಲ್ಲಿ ಹೊಲಿಯುತ್ತವೆ, ಕೌಶಲಕ್ಕೆ ಕೊರತೆಯಿಲ್ಲ. ಆದರೆ ನನ್ನ ಸೊಸೆ ಕೇಳುವ ಒಂದು ಪ್ರಶ್ನೆಯನ್ನು ಅವರ ಮುಂದಿಡಬಹುದು: ಗಂಡಸರ ಪ್ಯಾಂಟಿನಲ್ಲಿ ಮೊಬೈಲು ಪೂರ್ತಿ ಮುಳುಗುವ ಜೇಬಿರುವಾಗ ಹೆಣ್ಣುಮಕ್ಕಳದರಲ್ಲಿ ಬರೀ ಎರಡು ಬೆರಳಿನಷ್ಟು ಜಾಗವೇಕೆ? ಅವಳ ಅಜ್ಜಿಯ ಸಂಚಿಯಲ್ಲಿ ನಾಲ್ಕು ಪದರಗಳಿದ್ದವು.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮನಸ್ಸನ್ನು ಅರಿಯುವ ವಿದ್ಯೆ ಮೋಸಕ್ಕೂ ಒದಗುತ್ತದೆ. 1995ರಲ್ಲಿ ಜಪಾನಿನ ಇಬ್ಬರು ಸಂಶೋಧಕರು ಎಟಿಎಂ ಪರದೆಯ 26 ವಿನ್ಯಾಸಗಳನ್ನು 252 ಜನರಿಗೆ ತೋರಿಸಿದಾಗ, ನೋಡಲು ಚೆನ್ನಾಗಿದ್ದವೇ ಬಳಸಲೂ ಸುಲಭವೆಂದು ಜನ ಭಾವಿಸಿದರು. ನಮ್ಮ ಅಂಗಡಿಗಳಲ್ಲಿಯೂ ಇದು ಗೊತ್ತಿರುವ ಗುಟ್ಟು: ತೆಳು ಗೇಜಿನ ತಗಡಿಗೆ ಕನ್ನಡಿಯಂಥ ಪಾಲಿಶ್ ಕೊಟ್ಟರೆ ಗಟ್ಟಿಯೆಂದು ನಂಬುವವರಿದ್ದಾರೆ. ಮದುವೆಯ ಹೊತ್ತಿನಲ್ಲಿ ‘ಬೀಗರು ಏನಂದಾರು’ ಎಂಬ ಒಂದು ಮಾತನ್ನು ತೇಲಿಬಿಟ್ಟು ಬೇಡದ ಸಾಮಾನನ್ನು ಕಟ್ಟಿಕೊಡುವ ವ್ಯಾಪಾರಿಗಳೂ ಇದ್ದಾರೆ. ಆರಂಭದ ವರ್ಷಗಳಲ್ಲಿ ನಾನೂ ಒಂದೆರಡು ಸಲ ಹಾಗೆ ಮಾಡಿದ್ದೇನೆಂದು ಒಪ್ಪಿಕೊಳ್ಳುತ್ತೇನೆ. ಆನ್‌ಲೈನ್ ಮಾರಾಟದಲ್ಲಿ ಸುಳ್ಳು ಅವಸರ ಹುಟ್ಟಿಸುವುದು, ಬೇಡವೆಂದವರನ್ನು ನಾಚಿಸುವುದು ಮೊದಲಾದ 13 ಬಗೆಯ ಕುಟಿಲ ವಿನ್ಯಾಸಗಳನ್ನು ಹೆಸರಿಸಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಗಿರಾಕಿಯ ಭಯವನ್ನು ಕಂಡು ಅದನ್ನು ಕಳೆಯುವ ವಸ್ತು ಮಾಡುವುದಕ್ಕೂ, ಆ ಭಯವನ್ನೇ ಹೆಚ್ಚಿಸಿ ಮಾರುವುದಕ್ಕೂ ಇರುವ ಅಂತರವನ್ನು ವಿನ್ಯಾಸ ಕಲಿಯುವ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಕಲಿಸಬೇಕು.

ನನ್ನ ಕೋರಿಕೆ ದೊಡ್ಡದೇನಲ್ಲ. ಹಿರೋಷಿಮಾ ವಿಶ್ವವಿದ್ಯಾಲಯದ ಮಿತ್ಸುವೊ ನಾಗಮಾಚಿ ಎಂಬ ಪ್ರಾಧ್ಯಾಪಕರು 1970ರ ದಶಕದಿಂದ ‘ಕಾನ್ಸೇಯ್’ ಎಂಬ ವಿಧಾನವನ್ನು ಬೆಳೆಸಿದರು. ವಸ್ತುವನ್ನು ನೋಡಿ, ಮುಟ್ಟಿ, ಜನ ಆಡುವ ಬಣ್ಣನೆಯ ಮಾತುಗಳನ್ನು ಮೊದಲು ಸಂಗ್ರಹಿಸಬೇಕು. ಬಳಿಕ ಆ ಒಂದೊಂದು ಮಾತು ವಸ್ತುವಿನ ಯಾವ ಅಳತೆಗೆ, ಯಾವ ಬಣ್ಣಕ್ಕೆ, ಯಾವ ಸದ್ದಿಗೆ ಸಂಬಂಧಿಸಿದ್ದೆಂದು ಲೆಕ್ಕಹಾಕಿ ಎಂಜಿನಿಯರರಿಗೆ ಕೊಡಬೇಕು. ಮಜ್ದಾ ಕಂಪನಿಯ 1989ರ ಪುಟ್ಟ ಎರಡು ಸೀಟಿನ ಕಾರು ಈ ವಿಧಾನದ ಪ್ರಸಿದ್ಧ ಉದಾಹರಣೆ. ಇದಕ್ಕೆ ಬೇಕಾದ ಮೂಲ ಸಾಮಗ್ರಿ, ಎಂದರೆ ಮಾತು, ನಮ್ಮಲ್ಲಿ ಹೇರಳವಾಗಿದೆ. ‘ಮೈ ದಪ್ಪ ಐತಿ’, ‘ಕೈಗಿ ಬರವಲ್ದು’, ‘ಕಣ್ಣಿಗಿ ತಂಪು’, ‘ಇಟ್ರ ಮನಿ ತುಂಬಿದಂಗ ಕಾಣ್ತದ’ ಎಂಬ ಮಾತುಗಳನ್ನು ನಾನು ದಿನವೂ ಕೇಳುತ್ತೇನೆ. ಅವುಗಳನ್ನು ಬರೆದುಕೊಳ್ಳುವವರಿಲ್ಲ. ಇದೇ ಊರಿನಲ್ಲಿ ಐಐಐಟಿ (ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ) ನಡೆಯುತ್ತಿದೆ; ಬಳ್ಳಾರಿಯಲ್ಲಿ, ಕೊಪ್ಪಳದಲ್ಲಿ ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳಿವೆ. ಅಲ್ಲಿಯ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ ಎಲ್ಲಿಂದಲೋ ತಂದ ವಿಷಯವನ್ನು ಮತ್ತೆ ಬರೆಯುವುದಕ್ಕಿಂತ, ಕನ್ನಡ, ತೆಲುಗು, ಉರ್ದು ಮೂರೂ ಕೇಳಿಸುವ ನಮ್ಮ ಬಜಾರಿನಲ್ಲಿ ಒಂದು ತಿಂಗಳು ನಿಂತು ಈ ಮಾತುಗಳನ್ನು ಕೂಡಿಸಲಿ. ವಸ್ತುಗಳ ಮೇಲಿನ ಸೂಚನೆಗಳು ಕನ್ನಡದಲ್ಲಿ ಇರಲಿ ಎಂಬ ಹಳೆಯ ಬೇಡಿಕೆಗೂ ಅವರ ವರದಿಯಿಂದ ಬಲ ಬಂದೀತು.

ಯಾವುದಾದರೂ ಕಾಲೇಜಿನವರು ಮನಸ್ಸು ಮಾಡಿದರೆ ನನ್ನ ಅಂಗಡಿಯಲ್ಲಿ ಇಬ್ಬರಿಗೆ ಸ್ಟೂಲು, ಎರಡು ಹೊತ್ತು ಚಹಾ ಇದೆ. ಆಷಾಢದಲ್ಲಿ ಬಂದರೆ ಗಿರಾಕಿಗಳಿರುವುದಿಲ್ಲ, ನನ್ನ ಮಾತು ಕೇಳುವುದಷ್ಟೇ ಆದೀತು. ವೈಶಾಖದ ಲಗ್ನಸರಾಯಿಯಲ್ಲಿ ಬರಲಿ. ಸೆಕೆ ಇರುತ್ತದೆ, ಅದನ್ನು ಸಹಿಸಿಕೊಳ್ಳಬೇಕು.

ಇತಿ ತಮ್ಮ ವಿಶ್ವಾಸಿ,
ಪಾತ್ರೆ ವ್ಯಾಪಾರಿಯೊಬ್ಬ,
ರಾಯಚೂರು